ಶೇಕಡಾ ಹತ್ತೂವರೆ: ಒಂದು ಷೇರಿನ ಲಾಭಾಂಶದ ಚರಿತ್ರೆ

ಕಳೆದ ತಿಂಗಳು ತಂಗಿಯ ಮಗ ಬೆಂಗಳೂರಿನಿಂದ ಫೋನು ಮಾಡಿದ್ದ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, "ಮಾವ, ನಿಮ್ಮಲ್ಲಿ ಒಂದು ಕೇಳಬೇಕಿತ್ತು. ಇವತ್ತಿನ ಪೇಪರಿನಲ್ಲಿ ಒಂದು ಕಂಪನಿ ಶೇಕಡಾ 900 ಲಾಭಾಂಶ ಘೋಷಿಸಿದೆ ಎಂದು ಹಾಕಿದ್ದಾರೆ. ಬ್ಯಾಂಕಿನಲ್ಲಿ ಇಟ್ಟರೆ ಶೇಕಡಾ ಏಳು ಸಿಗುವುದೂ ಕಷ್ಟ. ನೂರು ರೂಪಾಯಿಗೆ ವರ್ಷಕ್ಕೆ ಒಂಬೈನೂರು ಕೊಡುವ ಧರ್ಮಾತ್ಮರು ಯಾರು ಇವರು?" ಎಂದ. ಅವನು ಕಂಪ್ಯೂಟರಿನ ಕೆಲಸದವನು. ನಾನೂ ಅರ್ಥಶಾಸ್ತ್ರ ಕಲಿಸಿದವನಲ್ಲ. ಮೂವತ್ತನಾಲ್ಕು ವರ್ಷ ಚರಿತ್ರೆ ಕಲಿಸಿದವನು. ಆದರೆ ಈ ಒಂದು ಪ್ರಶ್ನೆಗೆ ಉತ್ತರ ನನಗೆ ತಿಳಿದಿತ್ತು. ಹಣ ತೆತ್ತು ಕಲಿತ ಉತ್ತರವದು.

ಲಾಭಾಂಶವನ್ನು ಶೇಕಡಾವಾರಿನಲ್ಲಿ ಹೇಳುವಾಗ ಅದು ಷೇರಿನ ಮುಖಬೆಲೆಯ ಮೇಲಿನ ಲೆಕ್ಕ. ಆ ಕಂಪನಿಯ ಷೇರಿನ ಮುಖಬೆಲೆ ಒಂದು ರೂಪಾಯಿ ಎಂದಿಟ್ಟುಕೊಂಡರೆ, ಶೇಕಡಾ 900 ಎಂದರೆ ಷೇರಿಗೆ ಒಂಬತ್ತು ರೂಪಾಯಿ. ಅದೇ ಷೇರನ್ನು ಪೇಟೆಯಲ್ಲಿ ಇಂದು ಕೊಳ್ಳಹೋದರೆ ಆರುನೂರು ರೂಪಾಯಿ ಕೊಡಬೇಕೆಂದಿಟ್ಟುಕೊಳ್ಳಿ. ಆರುನೂರು ಹಾಕಿದವನಿಗೆ ಒಂಬತ್ತು ಬಂದರೆ ಅದು ಶೇಕಡಾ ಒಂದೂವರೆ. ಕೊಂಡ ಬೆಲೆಯ ಮೇಲಿನ ಈ ಲೆಕ್ಕವನ್ನೇ ಇಂಗ್ಲಿಷಿನಲ್ಲಿ ಯೀಲ್ಡ್ ಎನ್ನುವರು. ನಮ್ಮ ಪತ್ರಿಕೆಗಳು ಇಳುವರಿ ಎಂದು ಬರೆಯುತ್ತವೆ. ಗದ್ದೆಯ ಮಾತು ಷೇರುಪೇಟೆಗೆ ಹೋದದ್ದು ನನಗೆ ಹಿತವಾಗಿಯೇ ಕಾಣುತ್ತದೆ. ಗದ್ದೆಯನ್ನು ಕೊಂಡವನು ತಾನು ಕೊಟ್ಟ ಕ್ರಯಕ್ಕೆ ಎಷ್ಟು ಮುಡಿ ಅಕ್ಕಿ ಬಂತು ಎಂದು ನೋಡುತ್ತಾನೆಯೇ ಹೊರತು, ಅವನ ಮುತ್ತಜ್ಜನ ಕಾಲದ ಕ್ರಯಕ್ಕೆ ತಾಳೆ ಹಾಕುವುದಿಲ್ಲವಷ್ಟೆ.

ನಿವೃತ್ತಿಯಾದ ಹೊಸತರಲ್ಲಿ ನಾನು ಎರಡು ಕಂಪನಿಗಳ ಷೇರು ಕೊಂಡಿದ್ದೆ. ಮೊದಲನೆಯದನ್ನು ಕೊಂಡದ್ದು "ಶೇಕಡಾ 60" ಎಂಬ ಮಾತಿಗೆ ಮರುಳಾಗಿ. ಹತ್ತು ರೂಪಾಯಿಯ ಷೇರಿಗೆ ಇನ್ನೂರ ನಲವತ್ತು ತೆತ್ತಿದ್ದೆ. ಅಂಚೆಯಲ್ಲಿ ಬಂದ ಲಾಭಾಂಶದ ವಾರಂಟಿನಲ್ಲಿ ಷೇರಿಗೆ ಆರೇ ರೂಪಾಯಿ ಇದ್ದುದನ್ನು ಕಂಡಾಗ ಬುದ್ಧಿ ಬಂತು. ಬಂದ ಬುದ್ಧಿಯನ್ನು ಎರಡನೆಯದಕ್ಕೆ ಉಪಯೋಗಿಸಿ, ಕೊಂಡ ಬೆಲೆಯ ಮೇಲೆಯೇ ಶೇಕಡಾ ಹನ್ನೊಂದು ಇಳುವರಿ ಇದ್ದ ಷೇರನ್ನು ಹುಡುಕಿ ಕೊಂಡೆ. ಅಷ್ಟೊಂದು ಇಳುವರಿ ಏಕೆ ಎಂದು ಕೇಳಲಿಲ್ಲ. ಬೆಲೆ ಬಿದ್ದಿದ್ದರಿಂದ ಇಳುವರಿ ಏರಿತ್ತು. ಮುಂದೆ ಲಾಭಾಂಶ ನಿಲ್ಲುವುದೆಂದು ಬಲ್ಲವರು ಮಾರಿಕೊಂಡು ಹೊರಟಿದ್ದರಿಂದ ಬೆಲೆ ಬಿದ್ದಿತ್ತು. ಎರಡು ವರ್ಷದಲ್ಲಿ ಲಾಭಾಂಶ ನಿಂತಿತು. ಭವಿಷ್ಯನಿಧಿಯ ಹಣದಲ್ಲಿ ಒಂದು ಪಾಲು ಹಾಗೆ ಹೋಯಿತು. ಮನೆಯಲ್ಲಿ ಈ ವಿಷಯವನ್ನು ಈಗಲೂ ದೊಡ್ಡ ದನಿಯಲ್ಲಿ ಮಾತನಾಡುವಂತಿಲ್ಲ.

ಆ ಮೇಲೆ ನಾನು ಮಾಡಿದ್ದು, ನನ್ನಂಥವನಿಗೆ ಒದಗಬಹುದಾದ ಒಂದೇ ಕೆಲಸ: ಚರಿತ್ರೆಯ ಪುಸ್ತಕಗಳನ್ನು ತೆಗೆದೆ. ಒಂದು ಷೇರಿನ ಲಾಭಾಂಶದ ಯಾದಿಯನ್ನು ಹತ್ತಾರು ವರ್ಷ ಉದ್ದಕ್ಕೂ ಇಟ್ಟುಕೊಂಡು ಓದಿದರೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ನೋಡುವ ಆಸೆ. ಅದಕ್ಕೆ ಈಸ್ಟ್ ಇಂಡಿಯಾ ಕಂಪನಿಗಿಂತ ಉತ್ತಮ ಉದಾಹರಣೆ ದೊರೆಯದು. ತರಗತಿಯಲ್ಲಿ ನಾವೆಲ್ಲ ಆ ಕಂಪನಿಯ ಯುದ್ಧಗಳನ್ನೂ ಒಪ್ಪಂದಗಳನ್ನೂ ಗವರ್ನರ್ ಜನರಲ್‌ಗಳನ್ನೂ ಬಾಯಿಪಾಠ ಮಾಡಿಸಿದೆವು. ಅದಕ್ಕೆ ಷೇರುದಾರರಿದ್ದರು, ಅವರಿಗೆ ಆರು ತಿಂಗಳಿಗೊಮ್ಮೆ ಲಾಭಾಂಶ ಸಲ್ಲುತ್ತಿತ್ತು ಎಂಬುದನ್ನು ನಾನಂತೂ ಯಾವ ತರಗತಿಯಲ್ಲೂ ಹೇಳಿದ ನೆನಪಿಲ್ಲ. ಹಳೆಯ ವಿದ್ಯಾರ್ಥಿಗಳು ಇದನ್ನು ತಡವಾಗಿ ಬಂದ ಪಾಠವೆಂದು ಸ್ವೀಕರಿಸಬೇಕು.

1600ನೆಯ ಇಸವಿಯ ಕೊನೆಯ ದಿನ ರಾಣಿ ಎಲಿಜಬೆತ್ ಸನ್ನದು ಕೊಟ್ಟಾಗ ಕಂಪನಿಗೆ ಇಂದಿನ ಅರ್ಥದ ಸ್ಥಿರ ಬಂಡವಾಳವೇ ಇರಲಿಲ್ಲ. ಒಂದೊಂದು ಯಾನಕ್ಕೆ ಒಂದೊಂದು ಚಂದಾ. ಹಡಗು ಮರಳಿದ ಮೇಲೆ ಅಸಲನ್ನೂ ಲಾಭವನ್ನೂ ಒಟ್ಟಿಗೆ ಹಂಚಿಕೊಂಡು ಲೆಕ್ಕ ಚುಕ್ತಾ ಮಾಡುವರು. ಡಿವಿಡೆಂಡ್ ಎಂಬ ಮಾತಿನ ಮೂಲಾರ್ಥವೂ ಅದೇ, ಪಾಲು ಮಾಡತಕ್ಕದ್ದು. ಮೊದಲ ಯಾನದ ಹಡಗುಗಳು 1603ರಲ್ಲಿ ಹತ್ತು ಲಕ್ಷ ಪೌಂಡು ತೂಕದಷ್ಟು ಕರಿಮೆಣಸು ತಂದುವು. ಅಷ್ಟನ್ನು ಕೊಳ್ಳುವವರು ಲಂಡನ್ನಿನಲ್ಲಿರಲಿಲ್ಲವಾಗಿ, ಹಣ ಹಾಕಿದವರಿಗೆ ಮೆಣಸನ್ನೇ ಪಾಲು ಹಂಚಿದರು. 1602ರಲ್ಲಿ ಹುಟ್ಟಿದ ಡಚ್ಚರ ಕಂಪನಿ 1610ರಲ್ಲಿ ಕೊಟ್ಟ ತನ್ನ ಮೊದಲ ಲಾಭಾಂಶ ಜಾಪತ್ರೆಯ ರೂಪದಲ್ಲಿತ್ತು. ಲಾಭಾಂಶಕ್ಕೆ ವಾಸನೆ ಇದ್ದ ಕಾಲ. ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿರಲಿಲ್ಲ, ಮೂಗಿಗೇ ಗೊತ್ತಾಗುತ್ತಿತ್ತು.

1657ರಲ್ಲಿ ಕ್ರಾಮ್‌ವೆಲ್‌ನ ಸನ್ನದಿನೊಂದಿಗೆ ಬಂಡವಾಳ ಶಾಶ್ವತವಾಯಿತು. ಹಾಕಿದವನು ಅಸಲನ್ನು ಕಂಪನಿಯಿಂದ ಹಿಂದಕ್ಕೆ ಪಡೆಯುವಂತಿಲ್ಲ, ಬೇಕಾದರೆ ಇನ್ನೊಬ್ಬನಿಗೆ ಮಾರಬಹುದು. ಅಂದಿನಿಂದ ಒಂದೇ ಷೇರಿಗೆ ಎರಡು ಬೆಲೆಗಳಾದವು, ಪುಸ್ತಕದಲ್ಲಿ ಬರೆದ ನೂರು ಪೌಂಡ್ ಒಂದು, ಪೇಟೆಯಲ್ಲಿ ಓಡುವ ಬೆಲೆ ಇನ್ನೊಂದು. ನನ್ನ ಸೋದರಳಿಯನ ಗೊಂದಲ ಹುಟ್ಟಿದ್ದು ಅಲ್ಲಿ.

ಪ್ರತಿಸ್ಪರ್ಧಿಗಳಾಗಿದ್ದ ಎರಡು ಕಂಪನಿಗಳು 1709ರಲ್ಲಿ ಒಂದಾದ ಮೇಲೆ ಬಂಡವಾಳ ಸುಮಾರು 32 ಲಕ್ಷ ಪೌಂಡಿಗೆ ನಿಂತಿತು. ಅಲ್ಲಿಂದ ಮುಂದಿನ ಅರ್ಧ ಶತಮಾನದ ಯಾದಿಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕೆಲಕಾಲ ಶೇಕಡಾ 10, 1722ರಿಂದ 8, ಮೂವತ್ತರ ದಶಕದಲ್ಲಿ 7, 1743ರಿಂದ ಪುನಃ 8, 1755ರಿಂದ 6. ವ್ಯಾಪಾರದ ಏರುತಗ್ಗು ಕಾಣುವ, ಒಟ್ಟಿನಲ್ಲಿ ಪ್ರಾಮಾಣಿಕವೆನ್ನಬಹುದಾದ ಪಟ್ಟಿ. ವಿಧವೆಯರು, ಪಾದ್ರಿಗಳು, ಡಚ್ ವರ್ತಕರು ಈ ಷೇರನ್ನು ಇಟ್ಟುಕೊಳ್ಳುತ್ತಿದ್ದರು, ನಮ್ಮವರು ಬ್ಯಾಂಕಿನಲ್ಲಿ ಠೇವಣಿ ಇಡುವಂತೆ.

1765ರಲ್ಲಿ ಎಲ್ಲವೂ ಬದಲಾಯಿತು. ಆ ವರ್ಷದ ಆಗಸ್ಟಿನಲ್ಲಿ ಮೊಗಲ್ ಬಾದಶಹ ಷಾ ಆಲಂ, ಬಂಗಾಳ ಬಿಹಾರ ಒರಿಸ್ಸಾಗಳ ದಿವಾನಿಯನ್ನು, ಎಂದರೆ ಕಂದಾಯ ಎತ್ತುವ ಹಕ್ಕನ್ನು ಕಂಪನಿಗೆ ಬರೆದುಕೊಟ್ಟನು. ಈ ಘಟನೆಯನ್ನು ನಾನು ಪ್ರತಿವರ್ಷ ಪಾಠ ಮಾಡುತ್ತಿದ್ದೆ. ಪಾಠದಲ್ಲಿ ಇಲ್ಲದಿದ್ದ ಸಂಗತಿಯೆಂದರೆ, ಅದಕ್ಕೂ ಮೊದಲೇ, ಏಪ್ರಿಲ್ ತಿಂಗಳಲ್ಲಿ ಮದರಾಸಿನಲ್ಲಿ ಹಡಗಿನಿಂದಿಳಿದ ರಾಬರ್ಟ್ ಕ್ಲೈವ್ ಲಂಡನ್ನಿನ ತನ್ನ ಆಪ್ತನಿಗೆ ಪತ್ರ ಬರೆದು, ತನ್ನ ಹೆಸರಿನಲ್ಲಿರುವ ಹಣವನ್ನೆಲ್ಲ ಕಂಪನಿಯ ಷೇರಿಗೆ ಹಾಕುವಂತೆ ತಿಳಿಸಿದ್ದನೆಂಬುದು. ಇಂದು ಯಾವ ಕಂಪನಿಯ ಅಧಿಕಾರಿಯಾದರೂ ಒಳಗಿನ ಸುದ್ದಿ ಹಿಡಿದು ಹೀಗೆ ಕೊಂಡರೆ ಸೆಬಿಯವರು ಬಾಗಿಲು ತಟ್ಟುತ್ತಾರೆ.

ಬಂಗಾಳದ ಕಂದಾಯವೆಲ್ಲ ತಮ್ಮದೇ ಎಂದು ಲಂಡನ್ನಿನ ಷೇರುದಾರರು ಭಾವಿಸಿದರು. 1766ರ ಕೊನೆಗೆ ಲಾಭಾಂಶ 6ರಿಂದ 10ಕ್ಕೆ ಏರಿತು. ಆಡಂ ಸ್ಮಿತ್ ತನ್ನ ಗ್ರಂಥದಲ್ಲಿ ಈ ಲೆಕ್ಕವನ್ನು ಕೊಟ್ಟಿದ್ದಾನೆ: ವರ್ಷಕ್ಕೆ 1,92,000 ಪೌಂಡ್ ಇದ್ದುದು 3,20,000 ಆಯಿತು. ಅಷ್ಟಕ್ಕೂ ತೃಪ್ತರಾಗದೆ 1767ರ ಮೇ ತಿಂಗಳ ಸಭೆಯಲ್ಲಿ 12.5 ಎಂದು ಮತ ಹಾಕಿಕೊಂಡರು. ಕಂಪನಿಯ ನಿರ್ದೇಶಕರೇ ಬೇಡವೆಂದರೂ ಕೇಳಲಿಲ್ಲ. ಆಗ ಪಾರ್ಲಿಮೆಂಟು ನಡುವೆ ಬಂದು, ತಾತ್ಕಾಲಿಕವಾಗಿ 10ಕ್ಕೆ ಮಿತಿ ಹಾಕಿತು. ಜೊತೆಗೆ ಸರಕಾರಕ್ಕೂ ವರ್ಷಕ್ಕೆ ನಾಲ್ಕು ಲಕ್ಷ ಪೌಂಡ್ ಸಲ್ಲಬೇಕೆಂದು ವಿಧಿಸಿತು. ಸುಲಿಗೆಯನ್ನು ತಡೆದದ್ದಲ್ಲ, ಪಾಲು ಕೇಳಿದ್ದು.

ಈಗ ಇಳುವರಿಯ ಲೆಕ್ಕ ನೋಡೋಣ. ಇನ್ನೂ ಹೆಚ್ಚಿನ ಲಾಭಾಂಶ ಬರುವುದೆಂಬ ನಂಬಿಕೆಯಲ್ಲಿ ನೂರು ಪೌಂಡಿನ ಷೇರು 1769ರ ವಸಂತದ ಹೊತ್ತಿಗೆ 270 ದಾಟಿತ್ತು. 270 ಕೊಟ್ಟು ಕೊಂಡವನಿಗೆ ಬರುವುದು 10, ಎಂದರೆ ಶೇಕಡಾ 3.7. ಅಪಾಯವೇ ಇಲ್ಲದ ಸರಕಾರಿ ಸಾಲಪತ್ರಗಳಿಗಿಂತ ಹೆಚ್ಚೇನೂ ಅಲ್ಲ. ಆರು ತಿಂಗಳ ಸಮುದ್ರಯಾನದ ಆಚೆಗಿನ, ಯುದ್ಧಗಳ ನಡುವಿನ ಒಂದು ವ್ಯಾಪಾರಕ್ಕೆ ಜನ ಅಷ್ಟೇ ಇಳುವರಿಗೆ ಒಪ್ಪಿದ್ದರು. ಇಳುವರಿ ಅಷ್ಟು ಕಡಿಮೆ ಇದೆಯೆಂದರೆ ಕೊಂಡವನು ಇಂದಿನ ಲಾಭಾಂಶಕ್ಕೆ ಹಣ ಕೊಟ್ಟಿಲ್ಲ, ನಾಳಿನ ಕನಸಿಗೆ ಕೊಟ್ಟಿದ್ದಾನೆ.

ಆ ಕನಸನ್ನು ಒಡೆದವನು ನಮ್ಮವನು. 1767ರಲ್ಲಿ ಆರಂಭವಾದ ಮೊದಲನೆಯ ಮೈಸೂರು ಯುದ್ಧದಲ್ಲಿ ಹೈದರಾಲಿ ಮೊದಲು ಕೆಲವು ಕೋಟೆಗಳನ್ನು ಕಳೆದುಕೊಂಡಿದ್ದನಷ್ಟೆ. 1768ರ ಕೊನೆಯ ತಿಂಗಳುಗಳಲ್ಲಿ ಅವನು ತಿರುಗಿಬಿದ್ದು, ಕಳೆದುದನ್ನೆಲ್ಲ ಒಂದೊಂದಾಗಿ ವಶಪಡಿಸಿಕೊಳ್ಳುತ್ತ ಬಾರಾಮಹಲಿಗೆ ಇಳಿದು, ಕರ್ನಾಟಿಕದ ಬಯಲನ್ನು ತುಳಿಯತೊಡಗಿದನು. ಈ ಸುದ್ದಿ ಹಡಗಿನಲ್ಲಿ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಲಂಡನ್ನಿಗೆ ಮುಟ್ಟಿದ್ದು 1769ರ ಮೇ ತಿಂಗಳಲ್ಲಿ. ಫ್ರೆಂಚರ ನೌಕಾಪಡೆ ಮಾರಿಷಸ್ಸಿನಲ್ಲಿ ಸೇರುತ್ತಿದೆಯೆಂಬ ಗಾಳಿಮಾತೂ ಅದರ ಜೊತೆಗೇ ಬಂತು. ಷೇರುದಾರರು ಮಾರಲು ಓಡಿದರು. ಕೆಲವೇ ವಾರಗಳಲ್ಲಿ ಬೆಲೆ 240ರ ಆಸುಪಾಸಿಗೆ ಕುಸಿಯಿತು. ಸಾಲ ಮಾಡಿ ಷೇರು ಕೊಂಡಿದ್ದ ಎಷ್ಟೋ ದೊಡ್ಡ ಮನುಷ್ಯರು ನೆಲ ಕಚ್ಚಿದರು. ಎಡ್ಮಂಡ್ ಬರ್ಕ್‌ನ ಬಂಧುಗಳೂ ಅವರಲ್ಲಿದ್ದರು. ಮುಂದೆ ವಾರನ್ ಹೇಸ್ಟಿಂಗ್ಸನ ಮೇಲೆ ಮಹಾಭಿಯೋಗ ನಡೆಸಿದ ಬರ್ಕ್ ಈತನೇ.

ಇದರಲ್ಲಿ ಒಂದು ತಮಾಷೆಯುಂಟು. ಲಂಡನ್ನಿನಲ್ಲಿ ಜನ ಹೈದರನ ಹೆಸರು ಕೇಳಿ ಷೇರು ಮಾರುತ್ತಿದ್ದಾಗ ಯುದ್ಧ ಮುಗಿದು ತಿಂಗಳು ಕಳೆದಿತ್ತು. ಮಾರ್ಚ್ ಕೊನೆಯಲ್ಲಿ ಅವನು ಕುದುರೆ ಪಡೆಯೊಂದಿಗೆ ಮದರಾಸಿನ ಬಾಗಿಲಿಗೇ ಬಂದು ನಿಂತು, ಏಪ್ರಿಲ್ ಮೊದಲ ವಾರದಲ್ಲಿ ಒಪ್ಪಂದಕ್ಕೆ ರುಜು ಹಾಕಿಸಿಕೊಂಡು ಮೈಸೂರಿನತ್ತ ಹೊರಟಿದ್ದನು. ಪೇಟೆಗೆ ತಲುಪಿದ್ದು ಹಳಸಿದ ಸುದ್ದಿ. ಹೈದರನಿಗಾದರೂ ತನ್ನಿಂದ ಲಂಡನ್ನಿನಲ್ಲಿ ಎಷ್ಟು ಮನೆಗಳು ಹರಾಜಿಗೆ ಬಂದವೆಂಬುದು ಎಂದಾದರೂ ತಿಳಿದೀತೇ! ಲಾಭಾಂಶದ ಯಾದಿಯನ್ನು ಮಾತ್ರ ನೋಡಿದವನಿಗೆ ಇದೊಂದೂ ಕಾಣುವುದಿಲ್ಲ. ಅಲ್ಲಿ 1769ರ ಮೊದಲರ್ಧಕ್ಕೆ 10 ಎಂದಿದೆ; ಮುಂದೆ ಅದು ಏರುತ್ತದೆ. ಬೆಲೆ 240ಕ್ಕೆ ಇಳಿದಾಗ ಇಳುವರಿ ಶೇಕಡಾ 4.2ರ ಹತ್ತಿರಕ್ಕೆ ಏರಿತು. ನನ್ನ ಎರಡನೆಯ ಷೇರಿನ ಹಾಗೆ, ಏರಿದ ಇಳುವರಿಯಲ್ಲಿ ಇದ್ದದ್ದು ಹೆದರಿಕೆ.

ಇನ್ನು ಮುಂದಿನದು ತಮಾಷೆಯಲ್ಲ. 1769-70ರಲ್ಲಿ ಬಂಗಾಳದಲ್ಲಿ ಮಳೆ ಕೈಕೊಟ್ಟು ಭೀಕರ ಕ್ಷಾಮ ಬಂತು. ಜನಸಂಖ್ಯೆಯ ಮೂರನೆಯ ಒಂದು ಪಾಲು ಅಳಿಯಿತೆಂಬುದು ವಾರನ್ ಹೇಸ್ಟಿಂಗ್ಸನ ಅಂದಾಜು. ಅದೇ ಹೇಸ್ಟಿಂಗ್ಸ್ 1772ರ ನವೆಂಬರಿನಲ್ಲಿ ನಿರ್ದೇಶಕರಿಗೆ ಬರೆದ ಪತ್ರದಲ್ಲಿ, ಇಷ್ಟು ಜನ ಸತ್ತಿದ್ದರೂ 1771ರ ಕಂದಾಯ ವಸೂಲಿಯು ಕ್ಷಾಮಕ್ಕೆ ಮೊದಲಿನ 1768ರ ವಸೂಲಿಯನ್ನು ಮೀರಿತ್ತೆಂದೂ, ಬಲಾತ್ಕಾರದಿಂದ ಅದನ್ನು ಹಿಂದಿನ ಮಟ್ಟದಲ್ಲಿ ಉಳಿಸಲಾಗಿತ್ತೆಂದೂ ತಿಳಿಸಿದ್ದಾನೆ. ಸತ್ತವರ ಪಾಲಿನ ಕಂದಾಯವನ್ನು ಬದುಕಿ ಉಳಿದ ನೆರೆಯವರ ಮೇಲೆ ಹೊರಿಸುವ ಪದ್ಧತಿ ಇತ್ತು. ಆ ವರ್ಷ, 1771ರಲ್ಲಿ, ಕಂಪನಿಯ ಲಾಭಾಂಶ ಎಷ್ಟು? ಶೇಕಡಾ 12.5. ಅಲ್ಲಿಯವರೆಗಿನ ಆ ಶತಮಾನದ ಅತ್ಯುನ್ನತ ದರ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಇಸವಿ ಒಂದು ಕಂಬ, ದರ ಒಂದು ಕಂಬ ಎಂದು ಬರೆದುಕೊಳ್ಳುತ್ತಿದ್ದೆ. 1771ರ ಮುಂದೆ 12.5 ಎಂದು ಬರೆದ ದಿನ ಪುಸ್ತಕ ಮುಚ್ಚಿಟ್ಟು ಹೊರಗೆ ಅಂಗಳದಲ್ಲಿ ತುಸು ಹೊತ್ತು ಕುಳಿತೆ. ಮರುದಿನ ಮೂರನೆಯ ಕಂಬವೊಂದನ್ನು ಗೆರೆ ಎಳೆದು ಸೇರಿಸಿದೆ. ಅದರ ಶಿರೋನಾಮೆ: "ಎಲ್ಲಿಂದ?"

ಆ ಮೂರನೆಯ ಕಂಬವನ್ನು ಷೇರುದಾರರು ನೋಡಲಿಲ್ಲವಾದರೂ ಅದು ಅವರನ್ನು ಬಿಡಲಿಲ್ಲ. ಬಂಗಾಳದಿಂದ ಬರಬೇಕಾದ ಹಣ ಅಲ್ಲಿನ ಸೈನ್ಯಕ್ಕೂ ಆಡಳಿತಕ್ಕೂ ಸಾಲದೆ ಹೋಯಿತು. ಲಂಡನ್ನಿನ ಉಗ್ರಾಣಗಳಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಲಾಭಾಂಶವನ್ನು ಮಾತ್ರ ಸಾಲದ ಬಲದಿಂದ ಏರಿಸಿಕೊಂಡು ಬಂದಿದ್ದರು. 1772ರಲ್ಲಿ ಯೂರೋಪಿನಲ್ಲೆಲ್ಲ ಸಾಲದ ಮುಗ್ಗಟ್ಟು ತಲೆದೋರಿದಾಗ ಕಂಪನಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಮುಂದೆ, ಅನಂತರ ಸರಕಾರದ ಮುಂದೆ ಕೈಯೊಡ್ಡಬೇಕಾಯಿತು. 1773ರಲ್ಲಿ ಸರಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟು, ಅದು ತೀರುವವರೆಗೆ ಲಾಭಾಂಶ ಶೇಕಡಾ 6ನ್ನು ಮೀರಕೂಡದೆಂದು ಕಟ್ಟುಹಾಕಿತು. ರೆಗ್ಯುಲೇಟಿಂಗ್ ಕಾಯಿದೆ ಬಂದದ್ದು ಆ ವರ್ಷವೇ. ಉಳಿದ ಚಹಾವನ್ನು ಅಮೆರಿಕದಲ್ಲಿ ಸಾಗಹಾಕಲು ಮಾಡಿದ ಕಾಯಿದೆಯೂ ಆ ವರ್ಷದ್ದೇ, ಅದರ ಫಲ ಬೋಸ್ಟನ್ ಬಂದರಿನ ನೀರಿಗೆ ಬಿದ್ದದ್ದೂ ಆ ವರ್ಷದ ಡಿಸೆಂಬರಿನಲ್ಲೇ. ಈ ಮೂರನ್ನು ನಾನು ಮೂರು ಬೇರೆ ಬೇರೆ ಪಾಠಗಳಲ್ಲಿ ಕಲಿಸಿದೆ. ಹನ್ನೆರಡೂವರೆಯಿಂದ ಆರಕ್ಕೆ ಬಿದ್ದ ಒಂದು ಲಾಭಾಂಶ ಅವನ್ನು ಕಟ್ಟಿಹಾಕಿದೆ ಎಂದು ಆಗ ಹೊಳೆದಿರಲಿಲ್ಲ.

ಮುಂದಿನ ಇಪ್ಪತ್ತು ವರ್ಷ 6, 7, 8 ಎಂದು ನಿಧಾನವಾಗಿ ಏರಿ, 1793ರ ಸನ್ನದು ಕಾಯಿದೆಯ ಕಾಲಕ್ಕೆ 10 ಆಯಿತು; ಪ್ರತ್ಯೇಕ ನಿಧಿಯೊಂದರಿಂದ ಅರ್ಧ ಸೇರಿ ಹತ್ತೂವರೆ. ಅಷ್ಟರಲ್ಲಿ ಹೊಸ ಷೇರುಗಳನ್ನು ಹೊರಡಿಸಿ ಬಂಡವಾಳವನ್ನು 60 ಲಕ್ಷ ಪೌಂಡಿಗೆ ಏರಿಸಿದ್ದರು. ದರವನ್ನಷ್ಟೇ ನೋಡುವವನಿಗೆ 1767ರ ಹತ್ತಕ್ಕೂ 1794ರ ಹತ್ತೂವರೆಗೂ ಅರ್ಧದಷ್ಟೇ ಅಂತರ. ಮೊತ್ತವನ್ನು ನೋಡಿದರೆ 3,20,000 ಇದ್ದುದು 6,30,000 ಪೌಂಡ್ ಆಗಿದೆ. ಬೋನಸ್ಸು, ಷೇರು ವಿಭಜನೆ, ಹೊಸ ಷೇರು ಇವುಗಳ ಲೆಕ್ಕ ಹಿಡಿಯದೆ ದರವನ್ನು ದರಕ್ಕೆ ಹೋಲಿಸಬಾರದೆಂದು ಸೋದರಳಿಯನಿಗೆ ಹೇಳಿದ್ದು ಈ ಕಾರಣಕ್ಕೆ.

ಹತ್ತೂವರೆ ಅಲ್ಲಿಂದ ಮುಂದೆ ಕದಲಲೇ ಇಲ್ಲ. ಎಂಬತ್ತು ವರ್ಷ! ನೆಪೋಲಿಯನ್ ಬಂದ, ಹೋದ. ಶ್ರೀರಂಗಪಟ್ಟಣ ಬಿತ್ತು. ವೆಲ್ಲೆಸ್ಲಿಯ ಯುದ್ಧಗಳಿಂದ ಕಂಪನಿಯ ಸಾಲ ಬೆಟ್ಟವಾಯಿತು. 1813ರಲ್ಲಿ ಭಾರತದ ವ್ಯಾಪಾರದ ಏಕಸ್ವಾಮ್ಯ ಹೋಯಿತು. ನಿಜವಾದ ಗಳಿಕೆ ಉಳಿದಿದ್ದರೆ ಚೀನಾದ ಚಹಾದಲ್ಲಿ. ಯಾದಿಯಲ್ಲಿ ಮಾತ್ರ ಹತ್ತೂವರೆ, ಹತ್ತೂವರೆ, ಹತ್ತೂವರೆ. ಇಂದಿನ ಷೇರುಪೇಟೆಯ ಪಂಡಿತರಿಗೆ ಈ ಯಾದಿಯನ್ನು ಹೆಸರು ಮುಚ್ಚಿ ತೋರಿಸಿದರೆ "ಬಹಳ ಭದ್ರವಾದ ಕಂಪನಿ, ನಿವೃತ್ತರು ಕಣ್ಣುಮುಚ್ಚಿ ಕೊಳ್ಳಬಹುದು" ಎಂದಾರು.

ಈ ನಡುವೆ ನಮ್ಮ ನೆಲವೂ ಆ ಮೂರನೆಯ ಕಂಬದೊಳಗೆ ಬಂತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪನಿಯ ಪಾಲಾಯಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದು ಇಲ್ಲಿನ ಗದ್ದೆ ತೋಟಗಳ ಲೆಕ್ಕ ಬರೆದನು. 1800ರಲ್ಲಿ ಬಳ್ಳಾರಿ ಸೀಮೆ, 1818ರಲ್ಲಿ ಪೇಶ್ವೆಯ ಪತನದೊಂದಿಗೆ ಧಾರವಾಡದ ಕಡೆಯ ಸೀಮೆ. ಮೈಸೂರು ಒಡೆಯರದ್ದಾಗಿ ಉಳಿದರೂ 1799ರ ಒಪ್ಪಂದದಂತೆ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಕೊಡಬೇಕಾಯಿತು. ಪೊಗದಿ ಸೈನ್ಯದ ಹೆಸರಿನಲ್ಲಿ ಸಲ್ಲುತ್ತಿದ್ದ ಹಣ, ಲಾಭಾಂಶಕ್ಕೆಂದು ಅಲ್ಲ. ಆದರೂ ಮೊತ್ತದ ಗಾತ್ರ ತಿಳಿಯಲು ಹೋಲಿಸಬಹುದು: ಪೌಂಡಿಗೆ ಹತ್ತು ರೂಪಾಯಿಯ ಅಂದಿನ ಲೆಕ್ಕದಲ್ಲಿ ಷೇರುದಾರರ ವಾರ್ಷಿಕ ಹತ್ತೂವರೆ ಎಂದರೆ 63 ಲಕ್ಷ ರೂಪಾಯಿ. ಮೈಸೂರಿನಂಥ ಎರಡೂವರೆ ಸಂಸ್ಥಾನಗಳ ಪೊಗದಿ.

1833ರ ಕಾಯಿದೆ ಈ ಕಥೆಯ ನಡುಗಂಬ. ಅದರಂತೆ ಕಂಪನಿ ತನ್ನ ವ್ಯಾಪಾರವನ್ನೆಲ್ಲ ಮುಚ್ಚಬೇಕಾಯಿತು. ಅಂಗಡಿ ಇಲ್ಲ, ಹಡಗಿಲ್ಲ, ಚಹಾ ಇಲ್ಲ. ಹಾಗಾದರೆ ಲಾಭ ಎಲ್ಲಿಂದ, ಲಾಭಾಂಶ ಎಲ್ಲಿಂದ? ಕಾಯಿದೆ ಅದಕ್ಕೂ ಉತ್ತರ ಬರೆದಿತ್ತು: ಷೇರುದಾರರಿಗೆ ಶೇಕಡಾ ಹತ್ತೂವರೆ ಲಾಭಾಂಶ ಹಿಂದಿನಂತೆಯೇ ನಡೆಯತಕ್ಕದ್ದು, ಅದನ್ನು ಭಾರತದ ರಾಜ್ಯಾದಾಯದ ಮೇಲೆ ಹೊರಿಸತಕ್ಕದ್ದು, ನಲವತ್ತು ವರ್ಷದ ಬಳಿಕ, 1874ರಿಂದ ಮುಂದೆ, ನೂರು ಪೌಂಡಿನ ಷೇರಿಗೆ ಇನ್ನೂರು ಪೌಂಡ್ ಕೊಟ್ಟು ಸರಕಾರ ಬಿಡಿಸಿಕೊಳ್ಳಬಹುದು. ಲಾಭವಿಲ್ಲದ ಲಾಭಾಂಶ. ಹೆಸರು ಮಾತ್ರ ಹಳೆಯದು, ಒಳಗಿನದು ಕಂದಾಯ.

ಹೊರಗಿನಿಂದ ನೋಡಿದವನಿಗೆ 1833ರ ಹಿಂದಿನ ಹತ್ತೂವರೆಗೂ ಮುಂದಿನ ಹತ್ತೂವರೆಗೂ ವ್ಯತ್ಯಾಸವಿಲ್ಲ. ವಾರಂಟು ಅದೇ, ಮೊತ್ತ ಅದೇ, ದಿನ ಅದೇ. ಲಂಡನ್ನಿನ ಯಾವುದೋ ಬೀದಿಯ ವಿಧವೆಯೊಬ್ಬಳು ಆ ಹಣದಿಂದ ಮಗನಿಗೆ ಶಾಲೆಯ ಶುಲ್ಕ ಕಟ್ಟಿರಬಹುದು. ಅವಳಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬಾರದು. ನಾನೂ ನನ್ನ ವಾರಂಟು ಎಲ್ಲಿಂದ ಬಂತೆಂದು ಕೇಳಿದವನಲ್ಲ.

ಕೊಡುವ ಕಡೆಯಲ್ಲಿ ಇದ್ದವರು ನಮ್ಮ ಹಿರಿಯರು. ನಮ್ಮ ಊರ ಕಡೆ ಭೂಕಂದಾಯಕ್ಕೆ ತೀರ್ವೆ ಎನ್ನುವುದು. ಅಜ್ಜಿ ಬದುಕಿದ್ದಾಗ, ಮನೆಯಲ್ಲಿ ಯಾರಾದರೂ ಅಕ್ಕಿ ಮಾರಿದ ಹಣವನ್ನು ಎಣಿಸಲು ಕುಳಿತರೆ "ತೀರ್ವೆದು ಬದಿಗಿಟ್ಟು ಎಣಿಸು" ಎನ್ನುತ್ತಿದ್ದಳು. ಹಾಗೆಂದು ಅವಳಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಂತೆ. ಬೆಳೆ ಬಂದರೂ ಬಾರದಿದ್ದರೂ ತೀರ್ವೆ ಕಟ್ಟಬೇಕು, ಅದೂ ನಾಣ್ಯದಲ್ಲಿ. ಅಕ್ಕಿಯ ಬೆಲೆ ಬಿದ್ದ ವರ್ಷ ಅಷ್ಟೇ ತೀರ್ವೆಗೆ ಹೆಚ್ಚು ಅಕ್ಕಿ ಮಾರಬೇಕು. 1830-31ರಲ್ಲಿ ಕೆನರಾದ ರೈತರು ಅಲ್ಲಲ್ಲಿ ಕೂಟ ಸೇರಿ ತೀರ್ವೆ ಕಟ್ಟಲಾರೆವೆಂದು ಕುಳಿತ ಸಂಗತಿ ಚರಿತ್ರೆಯ ಪುಸ್ತಕಗಳಲ್ಲಿದೆ. 1837ರ ಕಲ್ಯಾಣಪ್ಪನ ಬಂಡಾಯದಲ್ಲೂ ತೀರ್ವೆಯ ಸಿಟ್ಟು ಸೇರಿತ್ತು. ಕಟ್ಟಲಾರೆ ಎಂದವನಿಗೆ ರಿಯಾಯಿತಿ ದೊರೆತರೆ ದೊರೆತೀತು, ಇಲ್ಲವಾದರೆ ಇಲ್ಲ. ಹತ್ತೂವರೆಗೆ ಮಾತ್ರ ಕಾಯಿದೆಯ ಕಾವಲು.

ಒಂದು ಗುಣಾಕಾರ ಮಾಡೋಣ. ವರ್ಷಕ್ಕೆ 6,30,000 ಪೌಂಡಿನಂತೆ ನಲವತ್ತು ವರ್ಷಕ್ಕೆ ಎರಡು ಕೋಟಿ ಐವತ್ತೆರಡು ಲಕ್ಷ ಪೌಂಡ್. ಮೂಲ ಬಂಡವಾಳ ಅರವತ್ತು ಲಕ್ಷ. ನಾಲ್ಕು ಪಟ್ಟಿಗಿಂತ ಹೆಚ್ಚು ಲಾಭಾಂಶವಾಗಿಯೇ ಹೋಯಿತು, ಕೊನೆಗೆ ಬಿಡಿಸಿಕೊಳ್ಳಲು ಮತ್ತೆ ಒಂದು ಕೋಟಿ ಇಪ್ಪತ್ತು ಲಕ್ಷ. ದಾದಾಭಾಯಿ ನವರೋಜಿಯವರೂ ರಮೇಶಚಂದ್ರ ದತ್ತರೂ ಭಾರತದ ಸಂಪತ್ತು ಹೊರಕ್ಕೆ ಹರಿದ ಬಗೆಯನ್ನು ಅಂಕೆಗಳಲ್ಲಿ ತೋರಿಸಿದಾಗ, ಈ ಬಾಬತ್ತೂ ಚರ್ಚೆಗೆ ಬಂತು. ಪರೀಕ್ಷೆಗಾಗಿ "ಸಂಪತ್ತಿನ ಸೋರಿಕೆ ಸಿದ್ಧಾಂತ, ಐದು ಅಂಕ" ಎಂದು ಬರೆಸುತ್ತಿದ್ದೆನಲ್ಲ, ಆ ಸೋರಿಕೆಯ ಒಂದು ತೂತಿಗೆ ಹೀಗೊಂದು ನಿಖರವಾದ ಅಳತೆ ಇದೆಯೆಂದು ಆಗಲೇ ತಿಳಿದಿದ್ದರೆ ಪಾಠ ಬೇರೆಯಾಗುತ್ತಿತ್ತು.

1857ರ ದಂಗೆಯ ಮರುವರ್ಷ ರಾಜ್ಯಭಾರವೂ ಹೋಯಿತು. 1858ರಿಂದ ಆಳುವವಳು ರಾಣಿ ವಿಕ್ಟೋರಿಯಾ. ಕಂಪನಿಗೆ ಈಗ ವ್ಯಾಪಾರವಿಲ್ಲ, ಸೈನ್ಯವಿಲ್ಲ, ರಾಜ್ಯವಿಲ್ಲ. ಇದ್ದ ಕೆಲಸವೆಂದರೆ ಬಹುಮಟ್ಟಿಗೆ ಒಂದೇ, ಷೇರುದಾರರಿಗೆ ಹತ್ತೂವರೆ ಮುಟ್ಟಿಸುವುದು. ಹದಿನಾರು ವರ್ಷ ಅದು ಹಾಗೆ ಉಸಿರಾಡಿಕೊಂಡಿತ್ತು. ನಮ್ಮ ಪಠ್ಯಪುಸ್ತಕಗಳು 1858ಕ್ಕೇ ಕಂಪನಿಯ ತಿಥಿ ಮಾಡಿ ಮುಗಿಸಿದ್ದವು. ನಿಜವಾಗಿ ಅದು ವಿಸರ್ಜನೆಯಾದದ್ದು 1874ರ ಜೂನ್ ಒಂದರಂದು.

ಈ ಕೊನೆಯ ವರ್ಷಗಳಲ್ಲಿ ಇಳುವರಿಯ ಇನ್ನೊಂದು ಸೂಕ್ಷ್ಮ ಅಡಗಿದೆ. ಉದಾಹರಣೆಗೆ 1864ರಲ್ಲಿ ಒಬ್ಬನು ನೂರರ ಷೇರನ್ನು 220 ಕೊಟ್ಟು ಕೊಂಡನೆಂದಿಟ್ಟುಕೊಳ್ಳಿ. ವರ್ಷಕ್ಕೆ ಹತ್ತೂವರೆ ಬಂದರೆ ಇಳುವರಿ 4.8 ಎಂದು ತೋರುತ್ತದೆ. ಆದರೆ ಹತ್ತು ವರ್ಷದ ಮೇಲೆ ಕೈಗೆ ಮರಳುವುದು 200 ಮಾತ್ರವೆಂದು ಕಾಯಿದೆಯಲ್ಲೇ ಬರೆದಿದೆ. ಹೋಗುವ ಆ ಇಪ್ಪತ್ತು ಪೌಂಡನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡು, ಉಳಿದದ್ದು ಎಂಟೂವರೆ. 220ಕ್ಕೆ ಎಂಟೂವರೆ ಎಂದರೆ ಶೇಕಡಾ 3.9ಕ್ಕಿಂತ ಹೆಚ್ಚಿಲ್ಲ. ಬಂದ ಲಾಭಾಂಶದ ಒಂದಂಶ ಅವನ ಅಸಲೇ ಅವನಿಗೆ ಮರಳಿದ್ದು. ಸಾಲಪತ್ರಗಳನ್ನು ಕೊಳ್ಳುವ ನಮ್ಮ ನಿವೃತ್ತ ಮಿತ್ರರು ಇದನ್ನು ಗಮನಿಸಬೇಕು, ಕಾಗದದ ಮೇಲೆ ಬರೆದ ಬಡ್ಡಿಯ ದರವನ್ನೇ ಇಳುವರಿಯೆಂದು ಭಾವಿಸುವವರು ನಮ್ಮ ವಾಯುವಿಹಾರದ ಗುಂಪಿನಲ್ಲೇ ಇಬ್ಬರಿದ್ದಾರೆ.

ಇಷ್ಟನ್ನೂ ಫೋನಿನಲ್ಲಿ ಹೇಳಿದರೆ ಬಿಲ್ಲು ಯಾರಿಗೆ ಬಂದೀತೆಂದು, ಸೋದರಳಿಯನಿಗೆ ಮುಖಬೆಲೆಯ ವಿಚಾರವನ್ನಷ್ಟೇ ಹೇಳಿ, ಉಳಿದದ್ದನ್ನು ಬರೆದು ಕಳುಹಿಸಿದ್ದೆ. ಈ ಲೇಖನ ಅದರದ್ದೇ ಹಿಗ್ಗಿದ ರೂಪ. ಜೊತೆಗೆ ಒಂದು ಮನೆಗೆಲಸವನ್ನೂ ಕೊಟ್ಟಿದ್ದೆ: ಆ ಕಂಪನಿಯ ಹತ್ತು ವರ್ಷಗಳ ವಾರ್ಷಿಕ ವರದಿ ತೆಗೆದು, ಇಸವಿ, ಷೇರಿಗೆ ಕೊಟ್ಟ ರೂಪಾಯಿ, ಆ ವರ್ಷದ ಲಾಭ, ಆ ವರ್ಷದ ಸಾಲ ಎಂದು ನಾಲ್ಕು ಕಂಬ ಬರೆಯುವುದು. ನನ್ನ ಮೂರನೆಯ ಕಂಬ ಅವನ ಕಾಲಕ್ಕೆ ಎರಡಾಗಿದೆ.

ಮೊನ್ನೆ ಭಾನುವಾರ ಮತ್ತೆ ಫೋನು ಬಂತು. "ಮಾವ, ಎರಡು ವರ್ಷ ಲಾಭಕ್ಕಿಂತ ಹೆಚ್ಚು ಲಾಭಾಂಶ ಕೊಟ್ಟಿದ್ದಾರೆ. ಆ ಎರಡೂ ವರ್ಷ ಸಾಲ ಏರಿದೆ."

"ಹಾಗಾದರೆ ಕೊಳ್ಳುವುದಿಲ್ಲವೋ?"

"ಹಾಗೆಂದಲ್ಲ. ಅದಕ್ಕೂ ಹಿಂದಿನ ಹತ್ತು ವರ್ಷದ್ದು ಸಿಗುತ್ತದೆಯೇ ನೋಡುತ್ತೇನೆ" ಎಂದ.

ಸಿಕ್ಕರೆ ನನಗೂ ಒಂದು ಪ್ರತಿ ಕಳುಹಿಸೆಂದು ಹೇಳಿದ್ದೇನೆ.